ಅಣ್ಣನೋ, ತಮ್ಮನೋ?

ಪರಭಾಷೆಯೊಂದನ್ನು ಕಲಿಯಲು ಕುಳಿತವರಿಗೆ ಮೊದಲ ವಾರದಲ್ಲಿಯೇ ಎದುರಾಗುವ ಪಾಠ ಮನೆಮಂದಿಯದು. ತಂದೆಗೆ ಏನೆನ್ನುತ್ತಾರೆ, ತಾಯಿಗೆ ಏನು, ಅಕ್ಕನಿಗೆ ಏನು, ಗೆಳೆಯನಿಗೆ ಏನು ಎಂಬ ಇಪ್ಪತ್ತು ಮೂವತ್ತು ಶಬ್ದಗಳ ಪಟ್ಟಿಯೊಂದನ್ನು ಭಾಷಾಬೋಧಿನಿಗಳೆಲ್ಲವೂ ಸುಲಭವೆಂಬ ನಂಬಿಕೆಯಿಂದಲೇ ಮುಂದಿಡುತ್ತವೆ. ವಾಸ್ತವದಲ್ಲಿ ಇದರಷ್ಟು ತೊಡಕಿನ ಪಾಠ ಮತ್ತೊಂದಿಲ್ಲ. ಮರದ ಹೆಸರು ಬೇರೆಯಾದರೆ ಮರ ಬೇರೆಯಾಗುವುದಿಲ್ಲ. ನಂಟಿನ ಹೆಸರು ಬೇರೆಯಾದಲ್ಲಿ ನಂಟೇ ಬೇರೆಯಾಗಿರುತ್ತದೆ.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಿಂದ ಹುಡುಗಿಯೊಬ್ಬಳು ಹಂಗೇರಿಯ ಬುಡಾಪೆಸ್ಟಿಗೆ ಓದಲು ಹೋದಳೆಂದು ಭಾವಿಸೋಣ. ಇದು ತೀರ ಗಾಳಿಯಲ್ಲಿ ಕಟ್ಟಿದ ಕಲ್ಪನೆಯಲ್ಲ. ಆ ದೇಶದ ಸರ್ಕಾರ 2013ರಲ್ಲಿ ಆರಂಭಿಸಿದ ವಿದ್ಯಾರ್ಥಿವೇತನದ ಆಸರೆಯಿಂದ ಭಾರತದ ತರುಣತರುಣಿಯರು ಅಲ್ಲಿಗೆ ಹೋಗುತ್ತಿದ್ದಾರೆ. ತರಗತಿಯಲ್ಲಿ ಅವಳ ಪಕ್ಕಕ್ಕೆ ಇಂಗ್ಲೆಂಡಿನ ಹುಡುಗಿಯೊಬ್ಬಳು ಕುಳಿತಿದ್ದಾಳೆ. ಉಪಾಧ್ಯಾಯರು ಹಲಗೆಯ ಮೇಲೆ ನಾಲ್ಕು ಶಬ್ದಗಳನ್ನು ಬರೆಯುತ್ತಾರೆ: ‘ಬಾತ್ಯ’, ‘ಒಚ್’, ‘ನೋವೇರ್’, ‘ಹೂಗ್’. (ಎರಡನೆಯದರ ಸ್ವರ ನಮ್ಮ ಒಕಾರಕ್ಕೂ ಎಕಾರಕ್ಕೂ ನಡುವಣದು, ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ.) ಇಂಗ್ಲಿಷ್ ಹುಡುಗಿ ತಬ್ಬಿಬ್ಬಾಗುತ್ತಾಳೆ. ತನಗೆ ತಿಳಿದಿರುವುದು ‘ಬ್ರದರ್’, ‘ಸಿಸ್ಟರ್’ ಎಂಬ ಎರಡೇ. ಇಲ್ಲಿ ನಾಲ್ಕು ಏಕೆ? ಕೆಂಚಾರ್ಲಹಳ್ಳಿಯವಳು ಮಾತ್ರ ತಲೆಯೆತ್ತದೆ ಅಣ್ಣ, ತಮ್ಮ, ಅಕ್ಕ, ತಂಗಿ ಎಂದು ಬರೆದುಕೊಂಡು ಮುಂದಿನ ಸಾಲಿಗೆ ಹೋಗುತ್ತಾಳೆ. ಒಡಹುಟ್ಟಿದವರಲ್ಲಿ ಹಿರಿಯರು ಯಾರು, ಕಿರಿಯರು ಯಾರು ಎಂಬುದನ್ನು ಮೊದಲು ಇತ್ಯರ್ಥಗೊಳಿಸದೆ ಹಂಗೇರಿಯವನಿಗೂ ಮಾತು ಹೊರಡದು, ನಮಗೂ ಹೊರಡದು.

ವಯಸ್ಸಿನ ಭೇದವಿಲ್ಲದೆ ಎಲ್ಲರನ್ನೂ ಒಳಗೊಳ್ಳುವ ಮಾತು ಬೇಕಾದಾಗ ಆ ಭಾಷೆಯವರು ‘ತೆಶ್ತ್‌ವೇರ್’ ಎನ್ನುತ್ತಾರೆ. ‘ತೆಶ್ತ್’ ಎಂದರೆ ಮೈ, ‘ವೇರ್’ ಎಂದರೆ ನೆತ್ತರು. ಮೈನೆತ್ತರಿನವರು! ನಮ್ಮ ‘ಒಡಹುಟ್ಟು’ ಜೊತೆಯಲ್ಲಿ ಹುಟ್ಟಿದ್ದನ್ನು ಹೇಳಿದರೆ ಅವರ ಶಬ್ದ ಒಂದೇ ಮೈಯಿಂದ ಬಂದದ್ದನ್ನು ಹೇಳುತ್ತದೆ. ಇನ್ನು ‘ನೋವೇರ್’ ಎಂಬುದು ಅಲ್ಲಿಯ ಭಾಷಾಸುಧಾರಕರು ‘ತೆಶ್ತ್‌ವೇರ್’ ಮಾದರಿಯಲ್ಲಿ ಕಟ್ಟಿದ ಶಬ್ದ. ಅಕ್ಕನಿಗೆ ಮೊದಲಿದ್ದ ಹಳೆಯ ಮಾತು ‘ನೇನೆ’. ಪಾಶ್ಚಾತ್ಯ ಭಾಷೆಗಳ ಒತ್ತಿನಲ್ಲಿ ಸಾಮಾನ್ಯವಾಚಕಗಳ ಕೊರತೆ ಕಂಡಾಗ ಅವರು ಹೊಸ ಶಬ್ದ ಕಟ್ಟಿದರು. ನಾವು ಸಂಸ್ಕೃತದ ‘ಸಹೋದರ’ನನ್ನು ಕರೆತಂದೆವು. ಆದರೆ ಮನೆಯ ಜಗಲಿಯ ಮೇಲೆ ಇಂದಿಗೂ ಯಾರೂ ‘ಸಹೋದರ, ಬಾ ಊಟಕ್ಕೆ’ ಎಂದು ಕೂಗುವುದಿಲ್ಲ. ಆ ಶಬ್ದ ವೇದಿಕೆಯ ಮೇಲಿನ ಭಾಷಣಕ್ಕಾಯಿತು.

ಹಂಗೇರಿಯವರ ‘ಅಪ’ ನಮ್ಮ ‘ಅಪ್ಪ’ನನ್ನು ನೆನಪಿಗೆ ತರುವುದರಿಂದ ಕೆಲವರಿಗೆ ಒಡನೆಯೇ ಉತ್ಸಾಹ ಹುಟ್ಟಬಹುದು. ಆ ಉತ್ಸಾಹಕ್ಕೆ ಒಳ್ಳೆಯ ವಂಶಾವಳಿಯೇ ಇದೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ನಮ್ಮ ಭಾಷೆಗಳನ್ನು ತಾವು ‘ಸಿಥಿಯನ್’ ಎಂದು ಕರೆದ ವರ್ಗದೊಡನೆ ಸೇರಿಸಲು ಬಯಸಿದ್ದರು. ಹಂಗೇರಿಯನ್ ಹಾಗೂ ಫಿನ್ನಿಷ್ ಭಾಷೆಗಳು ಆ ವರ್ಗದಲ್ಲಿಯೇ ಎಣಿಕೆಗೊಂಡಿದ್ದವು. ಬಳಿಕ ಬರೋ ಅವರೂ ದೇಹಾವಯವಗಳ ಹೆಸರುಗಳನ್ನು ಹಿಡಿದು ಇದೇ ದಾರಿಯಲ್ಲಿ ಕೆಲವು ಹೆಜ್ಜೆ ನಡೆದರು. ಇಂದಿನ ಭಾಷಾಶಾಸ್ತ್ರ ಈ ನಂಟನ್ನು ಸಿದ್ಧವಾದುದೆಂದು ಒಪ್ಪುವುದಿಲ್ಲ. ಎಳೆಗೂಸಿನ ತುಟಿಗೆ ಪ, ಮ, ಬಗಳು ಎಲ್ಲ ದೇಶಗಳಲ್ಲಿಯೂ ಮೊದಲು ದಕ್ಕುತ್ತವೆ. ಅಪ್ಪ ಅಮ್ಮಂದಿರ ಹೆಸರು ಹಿಡಿದು ಭಾಷೆಗಳ ಗೋತ್ರ ಹುಡುಕುವುದು ಅಪಾಯದ ಕೆಲಸ. ನಾಲ್ಕು ಶಬ್ದಗಳ ಸಾಮ್ಯ ನೆತ್ತರಿನ ಸಾಮ್ಯವಲ್ಲ, ನೋಟದ ಸಾಮ್ಯ. ನಮಗೆ ಅಷ್ಟೇ ಸಾಕು.

ಏಕೆಂದರೆ ಎರಡನೆಯ ಪಾಠದಲ್ಲಿ ಆ ನೋಟವೂ ಕವಲೊಡೆಯುತ್ತದೆ. ಹಂಗೇರಿಯ ಹಳೆಯ ರೂಢಿಯಲ್ಲಿ ತಂದೆಯ ಸೋದರನಾಗಲಿ ತಾಯಿಯ ಸೋದರನಾಗಲಿ ‘ನಾದ್ಯ್‌ಬಾತ್ಯ’, ಅಂದರೆ ಹಿರಿಯಣ್ಣ. ನಮ್ಮಲ್ಲಿ ತಂದೆಯ ಅಣ್ಣತಮ್ಮಂದಿರು ಅಪ್ಪಂದಿರೇ: ಒಬ್ಬ ದೊಡ್ಡಪ್ಪ, ಒಬ್ಬ ಚಿಕ್ಕಪ್ಪ. ತಾಯಿಯ ಕಡೆಯವನು ಮಾತ್ರ ಮಾವ. ಅವರ ಚಿಕ್ಕಪ್ಪ ಅಣ್ಣಂದಿರ ಸಾಲಿನ ಕೊನೆಯಲ್ಲಿ ನಿಂತಿದ್ದಾನೆ, ನಮ್ಮವನು ಅಪ್ಪಂದಿರ ಸಾಲಿನಲ್ಲಿ. ಇನ್ನು ಇವರ ಮಕ್ಕಳೆಲ್ಲ ಹಂಗೇರಿಯಲ್ಲಿ ‘ಉನೊಕತೆಶ್ತ್‌ವೇರ್’. ಪದಶಃ ಹೇಳುವುದಾದರೆ ‘ಮೊಮ್ಮಕ್ಕಳಾಗಿ ಒಡಹುಟ್ಟಿದವರು’. ಇಂಗ್ಲಿಷಿನ ‘ಕಸಿನ್’ ಎಂಬುದೂ ಇದೇ. ಈಗ ಇಂಗ್ಲಿಷ್ ಹುಡುಗಿ ನಿರಾಯಾಸವಾಗಿ ಬರೆದುಕೊಳ್ಳುತ್ತಾಳೆ, ಕೆಂಚಾರ್ಲಹಳ್ಳಿಯವಳ ಲೇಖನಿ ನಿಲ್ಲುತ್ತದೆ. ಚಿಕ್ಕಪ್ಪನ ಮಗ ಅವಳಿಗೆ ಅಣ್ಣ. ಸೋದರಮಾವನ ಮಗ ಬಾವ. ಒಬ್ಬನೊಡನೆ ವಿವಾಹದ ಯೋಚನೆಯೇ ಪಾಪ. ಇನ್ನೊಬ್ಬನೊಡನೆ ವಿವಾಹವಾಗುವುದು ತಲೆಮಾರುಗಳಿಂದ ಬಂದ ರೂಢಿ. ಇಬ್ಬರನ್ನೂ ಒಂದೇ ಶಬ್ದದಲ್ಲಿ ತುಂಬುವುದೆಂತು?

ಈ ವ್ಯವಸ್ಥೆಯ ವೈಶಿಷ್ಟ್ಯವನ್ನು ಹೊರಗಿನವರು ಗಮನಿಸಿ ನೂರೈವತ್ತು ವರ್ಷಗಳ ಮೇಲಾಯಿತು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ಇರೊಕ್ವಾ ಮೂಲನಿವಾಸಿಗಳ ನಂಟಿನ ಹೆಸರುಗಳನ್ನು ಅಭ್ಯಾಸ ಮಾಡುತ್ತಿದ್ದಾಗ ದಕ್ಷಿಣ ಭಾರತದಿಂದ ಮಿಷನರಿಗಳು ತುಂಬಿ ಕಳುಹಿಸಿದ ತಮಿಳಿನ ಪಟ್ಟಿ ಕೈಸೇರಿತು. ಎರಡರ ಏರ್ಪಾಡೂ ಬಹುಮಟ್ಟಿಗೆ ಒಂದೇ ಆಗಿದ್ದುದನ್ನು ಕಂಡು ಆತ ಬೆರಗಾದನು. 1871ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಪ್ರಕಟಿಸಿದ ಆತನ ಬೃಹದ್ಗ್ರಂಥದ ಕೋಷ್ಟಕಗಳಲ್ಲಿ ತಮಿಳು, ತೆಲುಗುಗಳ ಜೊತೆಗೆ ನಮ್ಮ ಕನ್ನಡವೂ ಇದೆ. ಅದೇ ಗ್ರಂಥದಲ್ಲಿ ಹಂಗೇರಿಯ ಮ್ಯಾಗ್ಯಾರರ ಪಟ್ಟಿಯೂ ಇದೆ. ಆತನ ವಿಕಾಸವಾದದ ತೀರ್ಮಾನಗಳು ಈಗ ಹಳತಾಗಿವೆ. ಆದರೆ ನಂಟಿನ ಶಬ್ದಗಳು ಬಿಡಿ ಹೆಸರುಗಳಲ್ಲ, ಒಂದು ಕಟ್ಟಡ, ಒಂದು ಕಂಬ ಕಿತ್ತರೆ ಇನ್ನೊಂದು ವಾಲುತ್ತದೆ ಎಂದು ಆತ ಕಂಡದ್ದು ಹಳತಾಗಿಲ್ಲ. ನಮ್ಮವರೇ ಆದ ಎಂ. ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಮದುವೆ ಹಾಗೂ ಕುಟುಂಬಗಳನ್ನು ಕುರಿತು 1942ರಲ್ಲಿ ಗ್ರಂಥ ಬರೆದರು. ಇರಾವತಿ ಕರ್ವೆಯವರು 1953ರಲ್ಲಿ ಇಡೀ ದೇಶದ ಬಂಧುತ್ವ ವ್ಯವಸ್ಥೆಗಳನ್ನು ಪಕ್ಕಪಕ್ಕಕ್ಕಿಟ್ಟು ನೋಡಿದರು.

ಹಂಗೇರಿಯವರೆಗೆ ಹೋಗಿ ಬಂದುದು ಹತ್ತಿರದ ಮಾತೊಂದನ್ನು ಹೇಳುವುದಕ್ಕಾಗಿ. ಆ ಹುಡುಗಿ ನಂಟಿನ ನುಡಿಗಳಲ್ಲಿ ಇಷ್ಟು ಚುರುಕಾಗಿರುವುದಕ್ಕೆ ಅವಳ ಊರೇ ಕಾರಣ. ಕೆಂಚಾರ್ಲಹಳ್ಳಿ ಎಂಬ ಹೆಸರನ್ನೇ ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ: ನಡುವಣ ‘ರ್ಲ’ ತೆಲುಗಿನ ಕಿವಿಗೆ ಹಿತ, ಕೊನೆಯ ‘ಹಳ್ಳಿ’ ಅಚ್ಚ ಕನ್ನಡ. ಆಂಧ್ರದ ಗಡಿ ಅಲ್ಲಿಂದ ದೂರವಿಲ್ಲ. ಹಿಂದೆ ಕೋಲಾರ ಜಿಲ್ಲೆಯಾಗಿದ್ದು 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಈ ಭಾಗದಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬಂತೆ ಬಾಳುವ ಮನೆಗಳು ಎಷ್ಟೋ. ಅಂಥ ಮನೆಯ ಮಗುವಿಗೆ ಪ್ರತಿಯೊಂದು ನಂಟಿಗೂ ಎರಡು ಹೆಸರು. ಕೆಲವು ಕಡೆ ಎರಡೂ ಒಂದೇ: ಅಣ್ಣ, ಅಕ್ಕ, ಅಮ್ಮ, ತಾತ. ಕೆಲವು ಕಡೆ ಅಕ್ಕತಂಗಿಯರಂತೆ ಹೋಲುತ್ತವೆ: ತಮ್ಮ, ತಮ್ಮುಡು, ಅಳಿಯ, ಅಲ್ಲುಡು. ಕೆಲವು ಕಡೆ ಗುರುತೇ ಹತ್ತದಷ್ಟು ದೂರ: ತಂಗಿ, ಚೆಲ್ಲೆಲು; ಸೊಸೆ, ಕೋಡಲು; ಅತ್ತಿಗೆ, ವದಿನ. ಕೆಲವು ಶಬ್ದಗಳಂತೂ ಮೋಸಗಾರವು. ಮಂಡ್ಯದ ಕಡೆಯಿಂದ ವರ್ಗವಾಗಿ ಬಂದ ಹೊಸ ಮಾಸ್ತರರ ಮುಂದೆ ಹುಡುಗನೊಬ್ಬ ‘ಮಾ ಅವ್ವ ಊರಿಗೆ ಹೋಗಿದ್ದಾಳೆ’ ಎಂದರೆ ಅವರು ತಾಯಿಯೆಂದೇ ತಿಳಿದಾರು. ಆ ಹುಡುಗನ ಮನೆಮಾತಿನಲ್ಲಿ ಅವ್ವ ಎಂದರೆ ಅಜ್ಜಿ.

ಕಟ್ಟಡ ಒಂದೇ ಆದರೂ ಎರಡು ಭಾಷೆಗಳು ಅದನ್ನು ಎರಡು ಬಾಗಿಲುಗಳಿಂದ ಹೊಗುತ್ತವೆ. ಅಣ್ಣತಮ್ಮಂದಿರ ಹೆಂಡಂದಿರು ಪರಸ್ಪರ ಏನಾಗಬೇಕು? ತೆಲುಗಿನವರು ‘ತೋಡಿಕೋಡಲು’ ಎನ್ನುತ್ತಾರೆ, ಅಂದರೆ ಜೊತೆಸೊಸೆ. ಇದು ಅತ್ತೆಮಾವಂದಿರ ಕಣ್ಣಿನಿಂದ ನೋಡಿ ಇಟ್ಟ ಹೆಸರು. ಹೊಸ ಸೊಸೆಗೆ ಗಂಡನ ಅಕ್ಕತಂಗಿಯರು ‘ಆಡಬಿಡ್ಡ’, ಆ ಮನೆಯ ಹೆಣ್ಣುಮಗು; ಸೊಸೆಗಿಂತ ಹತ್ತು ವರ್ಷ ಹಿರಿಯಳಾಗಿದ್ದರೂ ಮಗುವೇ. ಕನ್ನಡ ‘ಓರಗಿತ್ತಿ’ ಎನ್ನುತ್ತದೆ. ಓರಗೆ ಎಂದರೆ ಸಮಾನತೆ, ಸಮವಯಸ್ಸು. ಬೇರೆ ಬೇರೆ ಮನೆಗಳಿಂದ ಬಂದು ಒಂದು ಒಲೆಯ ಮುಂದೆ ನಿಂತ ಇಬ್ಬರು ಹೆಣ್ಣುಮಕ್ಕಳು ಅತ್ತೆಮಾವಂದಿರನ್ನು ನಡುವೆ ತಾರದೆ ತಮ್ಮತಮ್ಮಲ್ಲಿಯೇ ಸರಿಸಮಾನರೆಂದು ಆ ಶಬ್ದ ಸಾರುತ್ತದೆ. (ಆ ಸರಿಸಮಾನರು ಬೆಲ್ಲದ ಡಬ್ಬಿಯ ಬೀಗದ ಕೈಗಾಗಿ ಕಾದಾಡುವುದಿಲ್ಲವೆಂದು ನಾವು ಹೇಳಹೊರಟಿಲ್ಲ.) ಎರಡೂ ಶಬ್ದಗಳನ್ನು ಬಲ್ಲ ಹುಡುಗಿಗೆ ಒಂದೇ ನಂಟಿನ ಎರಡು ಮಗ್ಗುಲೂ ಗೊತ್ತು. ಹೆಚ್ಚು ಓದಿದವರ ಬಳಕೆಯಲ್ಲಿ ಈಗ ‘ಕೋಸಿಸ್ಟರ್’ ಎಂಬ ವಿಚಿತ್ರ ಪದ ಓಡಾಡುತ್ತಿದೆ. ಇಂಗ್ಲೆಂಡಿನಲ್ಲಿ ಹುಟ್ಟದ ಇಂಗ್ಲಿಷ್ ಅದು. ಆ ಭಾಷೆಗೆ ಈ ನಂಟಿನ ಹಂಗೇ ಇಲ್ಲದಿರಲು ನಾವೇ ಅದಕ್ಕೆ ಶಬ್ದ ಹೊಲಿದು ತೊಡಿಸಿದೆವು.

ತಾಲ್ಲೂಕಿನ ಎರಡು ಪ್ರಸಿದ್ಧ ಪುಣ್ಯಸ್ಥಳಗಳೂ ನಂಟಿನ ಹೆಸರಿನಿಂದಲೇ ಜನರ ನಾಲಗೆಯ ಮೇಲಿವೆ. ಕೈವಾರದ ಯೋಗಿ ನಾರೇಯಣರನ್ನು ಜನ ಕರೆಯುವುದು ‘ತಾತಯ್ಯ’ ಎಂದು; ತೆಲುಗು ಕನ್ನಡಗಳೆರಡರಲ್ಲಿಯೂ ಪದ ಹಾಡಿದ ಆ ಹಿರಿಯರು ಎರಡೂ ಮಾತಿನವರಿಗೂ ಅಜ್ಜನಾದರು. ಮುರುಗಮಲ್ಲದ ದರ್ಗಾ ‘ಅಮ್ಮಾಜಾನ್ ಬಾವಾಜಾನ್’ ಎಂಬ ಹೆಸರಿನದು. ಉರ್ದು ಮಾತನಾಡುವ ಮನೆಗಳಲ್ಲಿ ಬಾವಾ ಎಂದರೆ ತಂದೆ. ಪಕ್ಕದ ತೆಲುಗು ಮನೆಯಲ್ಲಿ ಬಾವ ಎಂದರೆ ಅಕ್ಕನ ಗಂಡ, ಇಲ್ಲವೆ ಮಾವನ ಮಗ. ಆ ಮನೆಗಳ ಮಕ್ಕಳು ಚಾಚಾ, ಮಾಮು, ಖಾಲಾ, ಫುಫು ಎಂದು ತಂದೆಯ ಕಡೆ ತಾಯಿಯ ಕಡೆಗಳನ್ನು ಬೇರೆಬೇರೆಯಾಗಿಯೇ ಕಲಿಯುತ್ತಾರೆ. ಒಂದೇ ಬೀದಿಯಲ್ಲಿ ಮೂರು ಬಂಧುಕೋಶಗಳು! ಯಾವ ವಿಶ್ವವಿದ್ಯಾಲಯದ ತೌಲನಿಕ ಭಾಷಾಶಾಸ್ತ್ರ ವಿಭಾಗಕ್ಕೂ ಇಂಥ ಸಂಪತ್ತು ಬಾಗಿಲಲ್ಲಿ ಬಿದ್ದಿರುವುದಿಲ್ಲ.

ಈ ಭೇದಗಳು ಬರಿಯ ಮನೆವಾರ್ತೆಯಲ್ಲ, ಸಾಹಿತ್ಯವೂ ಇವುಗಳ ಮೇಲೆಯೇ ನಿಂತಿದೆ ಎಂಬುದನ್ನು ಕನ್ನಡ ಅಧ್ಯಾಪಕರಾದ ನಾವು ವಿಶೇಷವಾಗಿ ನೆನೆಯಬೇಕು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಕನ್ನಡಿಸಲು ಕುಳಿತವರನ್ನು ಮೊದಲ ಅಂಕದಲ್ಲಿಯೇ ಒಂದು ಪ್ರಶ್ನೆ ಅಡ್ಡಗಟ್ಟುತ್ತದೆ: ಕ್ಲಾಡಿಯಸ್ ಸತ್ತ ದೊರೆಗೆ ಅಣ್ಣನೋ, ತಮ್ಮನೋ? ಕವಿ ಅದನ್ನು ಹೇಳುವುದಿಲ್ಲ. ಹೇಳಬೇಕಾದ ಒತ್ತಾಯ ಆತನ ಭಾಷೆಗಿಲ್ಲ. ಕನ್ನಡಕ್ಕೆ ಇದೆ. ಪಟ್ಟ ಮೊದಲು ಮತ್ತೊಬ್ಬನಿಗೆ ಸಂದಿದ್ದರಿಂದ ಇವನು ತಮ್ಮನೆಂದು ಊಹಿಸಿ ‘ಚಿಕ್ಕಪ್ಪ’ ಎಂದು ಬರೆದೆವೆನ್ನಿ. ಒಡನೆಯೇ ಇನ್ನೊಂದು ಇಕ್ಕಟ್ಟು ಹುಟ್ಟುತ್ತದೆ. ತಂದೆಯನ್ನು ಕೊಂದು ತಾಯಿಯನ್ನು ವರಿಸಿದವನನ್ನು ಅಪ್ಪನೆಂದು ಒಪ್ಪಲಾರದುದೇ ಆ ರಾಜಕುಮಾರನ ಸಂಕಟ. ಕನ್ನಡದ ಹ್ಯಾಮ್ಲೆಟ್ ಅವನನ್ನು ಬಾಯ್ತುಂಬ ಬಯ್ಯುವಾಗಲೂ ‘ಅಪ್ಪ’ ಎಂದೇ ಮಾತು ಮುಗಿಸಬೇಕು. ಇಂಗ್ಲಿಷ್ ಮೂಲದಲ್ಲಿಲ್ಲದ ಕಹಿಯೊಂದು ನಮ್ಮ ಅನುವಾದದಲ್ಲಿ ತಾನಾಗಿಯೇ ಬಂದು ಸೇರುತ್ತದೆ.

ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳನ್ನು ಕಾಡಿದ ಕರ್ಣನ ಕತೆಯನ್ನೇ ತೆಗೆದುಕೊಳ್ಳಿ. ಯುದ್ಧ ಮುಗಿದ ಮೇಲೆ ಧರ್ಮರಾಯನಿಗೆ ತಿಳಿದುಬರುವುದು ತಾವು ಸೋದರನೊಬ್ಬನನ್ನು ಕೊಂದೆವೆಂದಲ್ಲ, ಅಣ್ಣನನ್ನು ಕೊಂದೆವೆಂದು. ತಮ್ಮನಾಗಿದ್ದರೆ ಅದು ಶೋಕ ಮಾತ್ರ. ಅಣ್ಣನಾದುದರಿಂದ ತಾನು ಕುಳಿತ ಪೀಠವೂ ತನ್ನದಲ್ಲವೆಂದಾಯಿತು. ಭರತನು ಸಿಂಹಾಸನವನ್ನು ಒಲ್ಲೆನೆನ್ನುವುದೂ ತಾನು ತಮ್ಮನೆಂಬ ಒಂದೇ ಬಲದಿಂದ. ‘ಬ್ರದರ್’ ಎಂಬ ಶಬ್ದವೊಂದನ್ನೇ ಬಲ್ಲ ಮಗುವಿಗೆ ಇದನ್ನು ವಿವರಿಸಲು ಅಡಿಟಿಪ್ಪಣಿ ಬೇಕಾಗುತ್ತದೆ.

ಅಡಿಟಿಪ್ಪಣಿಯ ಕಾಲ ನಮ್ಮ ತರಗತಿಗಳಿಗೆ ಬಂದೇ ಬಿಟ್ಟಿದೆ. ಹೆಂಗಸರ ಹಾಡಿನ ತ್ರಿಪದಿಗಳನ್ನು ಪಾಠಮಾಡುವಾಗ ಓರಗಿತ್ತಿಯೆಂದರೆ ಯಾರು, ನಾದಿನಿಯೆಂದರೆ ಯಾರು, ಷಡ್ಡಕನೆಂದರೆ ಏನು ಎಂದು ಪದವಿ ತರಗತಿಯಲ್ಲಿ ಕೇಳಿದರೆ ಮೂರು ನಾಲ್ಕು ಕೈಗಳು ಮೇಲೇಳುತ್ತವೆ. ಉಳಿದವರಿಗೆ ಅದು ಹಳಗನ್ನಡದಷ್ಟೇ ದೂರ. ಅವರಾರೂ ಪಟ್ಟಣದ ಮಕ್ಕಳಲ್ಲ. ಅವರ ತಾಯಂದಿರಿಗೆ ಓರಗಿತ್ತಿಯರಿದ್ದಾರೆ, ತಂದೆಯರಿಗೆ ಷಡ್ಡಕರಿದ್ದಾರೆ. ನಂಟರು ಇದ್ದಾರೆ, ನುಡಿ ಇಲ್ಲ. ಮೂರನೆಯ ವರ್ಷದಲ್ಲಿಯೇ ಗೋಡೆಯ ಮೇಲಿನ ಚಿತ್ರಪಟ ತೋರಿಸಿ ‘ಅಂಕಲ್’, ‘ಆಂಟಿ’, ‘ಕಸಿನ್’ ಎಂದು ಹೇಳಿಕೊಟ್ಟ ಫಲವಿದು. ಇಂಗ್ಲಿಷ್ ಬೇಡವೆಂಬ ವಾದ ನಮ್ಮದಲ್ಲ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದಾಗ ಮಕ್ಕಳನ್ನು ಸೇರಿಸಲು ಓಡಿದ ತಾಯಿತಂದೆಯರ ಆಸೆಯನ್ನು ಹಳಿಯುವ ಹಕ್ಕು ಆ ಭಾಷೆಯಿಂದ ಅನ್ನ ಕಂಡ ಯಾರಿಗೂ ಇಲ್ಲ. ಆದರೆ ಎಂಟು ನಂಟುಗಳಿಗೆ ಎಂಟು ಹೆಸರು ಬಲ್ಲ ಮಗುವಿಗೆ ಎಲ್ಲಕ್ಕೂ ಒಂದೇ ಹೆಸರು ಕೊಟ್ಟು ಅದನ್ನು ವಿದ್ಯೆಯೆಂದು ಕರೆಯುವುದು ಯಾವ ನ್ಯಾಯ?

ಇಲ್ಲಿ ಪ್ರಾಮಾಣಿಕವಾದ ಆಕ್ಷೇಪವೊಂದನ್ನು ಕೇಳಿಸಿಕೊಳ್ಳಬೇಕು. ಬಾವ, ಮಾವ, ಅಳಿಯ ಎಂಬ ಶಬ್ದಗಳು ಒಳಸಂಬಂಧದ ಮದುವೆಗಳನ್ನು ಆಧರಿಸಿ ನಿಂತವು. ಆ ಮದುವೆಗಳೇ ಕಡಮೆಯಾಗುತ್ತಿರುವಾಗ ಶಬ್ದಗಳನ್ನು ಏಕೆ ಹಿಡಿದಿಟ್ಟುಕೊಳ್ಳಬೇಕು? 1955ರ ಹಿಂದೂ ವಿವಾಹ ಕಾಯಿದೆ ಸೋದರಮಾವ ಮತ್ತು ಸೊಸೆಯ, ಅಣ್ಣತಂಗಿಯರ ಮಕ್ಕಳ ನಡುವಣ ವಿವಾಹವನ್ನು ನಿಷಿದ್ಧ ಸಂಬಂಧಗಳಲ್ಲಿ ಸೇರಿಸಿ, ರೂಢಿಯಿದ್ದಲ್ಲಿ ಮಾತ್ರ ವಿನಾಯಿತಿ ಕೊಟ್ಟಿದೆ. ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟುವ ಮಕ್ಕಳಿಗೆ ಆನುವಂಶಿಕ ರೋಗಗಳ ಭಯ ಹೆಚ್ಚೆಂದು ವೈದ್ಯರು ಎಚ್ಚರಿಸುತ್ತಾರೆ. ಅದನ್ನು ಅಲಕ್ಷಿಸಬೇಕೆಂದು ವಿವೇಕಿಗಳಾರೂ ಹೇಳರು. ರೂಢಿ ಹೋಗುವುದಾದರೆ ಹೋಗಲಿ. ಆದರೆ ಸೋದರಮಾವನ ಕೆಲಸ ಹೆಣ್ಣು ಕೊಡುವುದರಲ್ಲಿಯೇ ಮುಗಿಯುವುದಿಲ್ಲ. ಮದುವೆಯ ದಿನ ವಧುವನ್ನು ಹಸೆಮಣೆಗೆ ಕರೆತರುವವನು ಅವನು. ತಂಗಿಯ ಮನೆಯಲ್ಲಿ ಕಷ್ಟ ಬಂದರೆ ಮೊದಲು ಹೊಸ್ತಿಲು ತುಳಿಯಬೇಕಾದವನೂ ಅವನೇ. ಅವನನ್ನು ‘ಅಂಕಲ್’ ಎಂದು ಕರೆದ ದಿನ ಬಸ್ಸಿನಲ್ಲಿ ಚೀಟಿ ಹರಿಯುವವನಿಗೂ ಅವನಿಗೂ ಭೇದವಿಲ್ಲದಂತಾಯಿತು. ಹೊಣೆಯೂ ಅಷ್ಟಕ್ಕೇ ಇಳಿಯುತ್ತದೆ.

ಅಪರಿಚಿತರನ್ನು ನಂಟಿನ ಹೆಸರಿಂದ ಕರೆಯುವುದರಲ್ಲಿ ದೋಷವೇನೂ ಇಲ್ಲ. ಹಂಗೇರಿಯ ಮಕ್ಕಳು ಬೀದಿಯ ಹಿರಿಯರನ್ನೆಲ್ಲ ‘ಬಾಚಿ’, ‘ನೇನಿ’ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿಯೂ ಜಾತಿ ಬೇರೆಯಾದವರು ಒಬ್ಬರಿಗೊಬ್ಬರು ಅಣ್ಣ, ಅತ್ತೆ, ಮಾವ ಎಂದೇ ಕರೆದುಕೊಂಡು ಬಂದಿದ್ದಾರೆ. ಗೆಳೆತನವೂ ಎಷ್ಟೋ ವೇಳೆ ನಂಟಿನಿಂದಲೇ ಹೆಸರನ್ನು ಎರವಲು ಪಡೆಯುತ್ತದೆ. ಹಂಗೇರಿಯಲ್ಲಿ ಗೆಳೆಯನಿಗೆ ‘ಬರಾತ್’ ಎನ್ನುತ್ತಾರೆ. ಅದು ಸ್ಲಾವ್ ಭಾಷೆಗಳಲ್ಲಿ ಸೋದರನಿಗಿದ್ದ ಹೆಸರು. ಅದನ್ನು ಕೇಳಿ ನಗುವ ಮೊದಲು ನಮ್ಮ ಕಾಲೇಜಿನ ಮೈದಾನದಲ್ಲಿ ಒಂದು ಗಳಿಗೆ ನಿಲ್ಲಿರಿ. ಹುಡುಗರು ಒಬ್ಬರನ್ನೊಬ್ಬರು ‘ಮಗಾ’ ಎನ್ನುತ್ತಾರೆ, ‘ಮಾಮಾ’ ಎನ್ನುತ್ತಾರೆ, ತಮಿಳಿನ ಮಚ್ಚಾನನನ್ನು ತಂದು ‘ಮಚ್ಚಾ’ ಎನ್ನುತ್ತಾರೆ. ಗೆಳೆಯನೊಬ್ಬ ಏಕಕಾಲದಲ್ಲಿ ಮಗನೂ ಮಾವನೂ ಬಾವನೂ ಆಗುವ ಈ ವೈಭವವನ್ನು ಕಂಡರೆ ಮಾರ್ಗನ್ ಹೊಸ ಕೋಷ್ಟಕ ಹಾಕಬೇಕಾಗುತ್ತಿತ್ತು. ನಮ್ಮ ಹುಡುಗರ ಬಾಯಲ್ಲಿ ಜೀವ ಹಿಡಿದಿರುವ ನಂಟಿನ ಶಬ್ದಗಳು ಇವು, ತಮಾಷೆಗಾದರೂ ಉಳಿದಿವೆಯಲ್ಲ.

ಮಾಡಬೇಕಾದುದು ದೊಡ್ಡ ಯೋಜನೆಯೇನಲ್ಲ. ಸಮಿತಿ, ಅನುದಾನಗಳ ಅಗತ್ಯವೂ ಇಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ಹಳ್ಳಿಯ ಶಾಲೆಗಳಲ್ಲಿ ಮೂರನೆಯ ಅಥವಾ ನಾಲ್ಕನೆಯ ತರಗತಿಯ ಉಪಾಧ್ಯಾಯರು ‘ನನ್ನ ಕುಟುಂಬ’ ಎಂಬ ಪಾಠಕ್ಕೆ ಬಂದಾಗ ಅಚ್ಚಾದ ಚಿತ್ರವನ್ನು ಒಂದು ದಿನ ಮಡಿಸಿಡಲಿ. ಮಕ್ಕಳು ಮನೆಯಲ್ಲಿ ಯಾರನ್ನು ಏನೆಂದು ಕರೆಯುತ್ತಾರೋ ಅದನ್ನು ಬರೆದುಕೊಂಡು ಬರಲಿ. ತೆಲುಗಿನದಾದರೂ ಸರಿ, ಉರ್ದುವಿನದಾದರೂ ಸರಿ, ಕನ್ನಡ ಅಕ್ಷರದಲ್ಲಿ ಬರೆದರಾಯಿತು. ‘ಇದು ಕನ್ನಡವಲ್ಲ’ ಎಂದು ಮಾಸ್ತರರು ಅದನ್ನು ಹೊಡೆದುಹಾಕದಿದ್ದರೆ ಅರ್ಧ ಕೆಲಸ ಆದಂತೆ. ಮನೆಯಲ್ಲಿ ತಮಿಳಾಡುತ್ತ ಬೆಳೆದು ಕನ್ನಡದ ಆಸ್ತಿಯೆನಿಸಿದ ಮಾಸ್ತಿಯವರು ಇದೇ ಹಳೆಯ ಕೋಲಾರ ಜಿಲ್ಲೆಯವರೆಂಬುದನ್ನು ಆ ಮಾಸ್ತರರು ಮರೆಯದಿರಲಿ. ಆಮೇಲೆ ಹಲಗೆಯ ಮೇಲೆ ಕನ್ನಡ, ತೆಲುಗು, ಉರ್ದುಗಳನ್ನು ಸಾಲಾಗಿ ಬರೆದು ನಾಲ್ಕನೆಯ ಕಾಲಂನಲ್ಲಿ ಇಂಗ್ಲಿಷನ್ನೂ ಬರೆಯಲಿ. ಮೂರು ಕಾಲಂಗಳು ತುಂಬಿ, ನಾಲ್ಕನೆಯದರಲ್ಲಿ ಎಂಟು ಕಡೆ ಒಂದೇ ಶಬ್ದ ಬೀಳುವುದನ್ನು ಮಕ್ಕಳು ತಾವೇ ಕಂಡು ನಕ್ಕಾರು. ‘ಬಾವ’ ಎಂಬುದನ್ನು ಒಬ್ಬಳು ಅಕ್ಕನ ಗಂಡನ ಎದುರಿಗೂ ಇನ್ನೊಬ್ಬಳು ತಂದೆಯ ಎದುರಿಗೂ ಬರೆದು ತಂದರೆ, ಇಬ್ಬರದನ್ನೂ ಸರಿಯೆಂದು ಗುರುತು ಹಾಕಬೇಕಾಗುತ್ತದೆ.